ಕ್ಯಾನ್ಸರ್ ಡಾಕ್ಟರ್ ಶುಗರ್ ಬಗ್ಗೆ ಯಾಕೆ ಕೇಳುತ್ತಾರೆ?

ಕ್ಯಾನ್ಸರ್ ಚಿಕಿತ್ಸೆಗೆ ಬಂದವರನ್ನು ಮೊದಲ ಭೇಟಿಯಲ್ಲೇ ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ಶುಗರ್ ಇದೆಯಾ? ಒಂದು ವರ್ಷದಿಂದ ಈಚೆಗೆ ತೂಕ ಏರಿದೆಯಾ, ಇಳಿದಿದೆಯಾ? ಯಾವತ್ತಾದರೂ ಕಾಮಾಲೆ ಬಂದಿತ್ತಾ? ಹಲವರಿಗೆ ಇದು ವಿಚಿತ್ರ ಅನ್ನಿಸುತ್ತದೆ. "ಡಾಕ್ಟ್ರೇ, ನಾವು ಬಂದಿರೋದು ಗಡ್ಡೆಗೆ. ಶುಗರ್‌ಗೆ ಬೇರೆ ಡಾಕ್ಟ್ರು ಇದ್ದಾರೆ" ಅನ್ನುತ್ತಾರೆ. ಅವರು ಹಾಗೆ ಅಂದುಕೊಳ್ಳುವುದು ಸಹಜ. ಆಸ್ಪತ್ರೆಗಳನ್ನು ಕಟ್ಟಿರುವುದೇ ಹಾಗೆ. ಕ್ಯಾನ್ಸರ್‌ಗೆ ಒಂದು ಮಹಡಿ, ಸಕ್ಕರೆ ಕಾಯಿಲೆಗೆ ಇನ್ನೊಂದು, ಸೋಂಕಿಗೆ ಮತ್ತೊಂದು.

ಆದರೆ ಈಚಿನ ವರ್ಷಗಳಲ್ಲಿ ನನ್ನ ರೋಗಿಗಳಿಗೆ ನಿಜವಾಗಿ ಉಪಯೋಗಕ್ಕೆ ಬಂದ ಸಂಶೋಧನೆಯಲ್ಲಿ ದೊಡ್ಡ ಪಾಲು ಈ ಮೂರರ ನಡುವಿನ ಜಾಗದಿಂದ ಬಂದದ್ದು. ದೊಡ್ಡ ಸುದ್ದಿಯಾಗಿ ಕೊನೆಗೆ ಠುಸ್ಸಾದ ಭರವಸೆಗಳೂ ಅಲ್ಲಿಂದಲೇ ಬಂದಿವೆ. ಯಾವುದನ್ನು ನಂಬಿ ನನ್ನ ಕೆಲಸ ಬದಲಿಸಿಕೊಂಡೆ, ಯಾವುದನ್ನು ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದೇನೆ ಅಂತ ಇಲ್ಲಿ ಹೇಳುತ್ತೇನೆ.

ಕಾಮಾಲೆಯ ಪ್ರಶ್ನೆ ಮೊದಲು. ಕಾಮಾಲೆ ತರಬಲ್ಲ ಹೆಪಟೈಟಿಸ್ ಬಿ ವೈರಸ್ ಒಮ್ಮೆ ಲಿವರ್ ಹೊಕ್ಕರೆ ಪೂರ್ತಿ ಹೊರಗೆ ಹೋಗುವುದು ಅಪರೂಪ. ಕಾಯಿಲೆ ವಾಸಿಯಾಗಿ ರಕ್ತದಲ್ಲಿ ವೈರಸ್ ಕಾಣದೇ ಹೋದ ಮೇಲೂ ಅದರ ಡಿಎನ್‌ಎ ಲಿವರ್ ಕೋಶಗಳ ಒಳಗೆ ಉಳಿದಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಅದನ್ನು ಹತೋಟಿಯಲ್ಲಿ ಇಟ್ಟಿರುತ್ತದೆ, ಅಷ್ಟೇ. ನಾವು ಕೊಡುವ ಕೀಮೋ ಕುಗ್ಗಿಸುವುದು ಅದೇ ಶಕ್ತಿಯನ್ನು. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೋಂಕಿನ ವಿರುದ್ಧ ಹೋರಾಡುವ ರಕ್ತದ ಬಿ ಕೋಶಗಳನ್ನೇ ಅಳಿಸಿಬಿಡುತ್ತದೆ. ಆಗ ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದ ವೈರಸ್ ಮತ್ತೆ ಏಳಬಹುದು. ಗಡ್ಡೆ ಕರಗುತ್ತಿರುವಾಗಲೇ ಲಿವರ್ ಕೆಟ್ಟು ರೋಗಿ ಸಾಯಬಹುದು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಅಪಾಯವನ್ನು ಔಷಧದ ಲೇಬಲ್ ಮೇಲೆ ಅತಿ ಗಂಭೀರ ಎಚ್ಚರಿಕೆಯಾಗಿ ಹಾಕಿಸಿತು.

ತಡೆಯುವುದು ಕಷ್ಟವಲ್ಲ. ಕೀಮೋ ಶುರುವಾಗುವ ಮೊದಲು ಎರಡು ರಕ್ತಪರೀಕ್ಷೆ ಬೇಕು. ಎಚ್‌ಬಿಎಸ್‌ಎಜಿ ಒಂದು, ಆಂಟಿ-ಎಚ್‌ಬಿಸಿ ಇನ್ನೊಂದು. ಮೊದಲನೆಯದು ಈಗ ಇರುವ ಸೋಂಕನ್ನು ತೋರಿಸುತ್ತದೆ, ಎರಡನೆಯದು ಹಳೆಯದನ್ನೂ ತೋರಿಸುತ್ತದೆ. ಮೊದಲನೆಯದನ್ನು ಮಾತ್ರ ಮಾಡಿಸಿ "ನೆಗೆಟಿವ್" ಅಂತ ಫೈಲಿನಲ್ಲಿ ಬರೆದು ಮುಂದೆ ಹೋಗುವುದನ್ನು ನಾನು ಇನ್ನೂ ನೋಡುತ್ತೇನೆ. ಹಳೆ ಸೋಂಕು ಇದ್ದರೆ, ರಿಟುಕ್ಸಿಮ್ಯಾಬ್ ಕೊಡಬೇಕಾದವರಿಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯನ್ನು ದಿನಕ್ಕೊಂದರಂತೆ ಕೊಡುತ್ತೇವೆ. ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಅದನ್ನು ನಿಲ್ಲಿಸುವಂತಿಲ್ಲ. "ಕೀಮೋ ಮುಗೀತು, ಇನ್ನು ಈ ಮಾತ್ರೆ ಯಾಕೆ" ಅಂತ ರೋಗಿಯೇ ಬಿಟ್ಟುಬಿಡುವುದುಂಟು. ಇಡೀ ಏರ್ಪಾಟು ಸೋಲುವುದು ಹೆಚ್ಚಾಗಿ ಅಲ್ಲೇ.

ಸೋಂಕು ಕ್ಯಾನ್ಸರ್ ಚಿಕಿತ್ಸೆಗೆ ಅಡ್ಡಿಯಾಗುವ ಕತೆ ಇದಾದರೆ, ಸೋಂಕೇ ಕ್ಯಾನ್ಸರ್ ತರುವ ಕತೆ ಇದಕ್ಕಿಂತ ದೊಡ್ಡದು. 2018ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 13, ಅಂದರೆ ಹತ್ತಿರ ಹತ್ತಿರ 22 ಲಕ್ಷ, ಸೋಂಕಿನಿಂದ ಬಂದವು ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನವಕ್ಕೆ ಕಾರಣ ನಾಲ್ಕೇ: ಹೊಟ್ಟೆಯ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾ, ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್, ಹೆಪಟೈಟಿಸ್ ಬಿ ಮತ್ತು ಸಿ. ನಾಲ್ಕಕ್ಕೂ ಈಗ ನಮ್ಮ ಕೈಯಲ್ಲಿ ಏನಾದರೂ ಇದೆ. ಎಚ್‌ಪಿವಿ, ಹೆಪಟೈಟಿಸ್ ಬಿ ಎರಡಕ್ಕೆ ಲಸಿಕೆ, ಪೈಲೊರಿಗೆ ಎರಡು ವಾರಗಳ ಆಂಟಿಬಯಾಟಿಕ್ ಕೋರ್ಸ್. ಹೆಪಟೈಟಿಸ್ ಸಿ ಇದ್ದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಎಂಟರಿಂದ ಹನ್ನೆರಡು ವಾರ ಮಾತ್ರೆ ತಿಂದರೆ ಪೂರ್ತಿ ಗುಣವಾಗುತ್ತಾರೆ.

ಎಚ್‌ಪಿವಿ ಲಸಿಕೆಯ ಫಲಿತಾಂಶವಂತೂ ನನ್ನ ವೃತ್ತಿಜೀವನದಲ್ಲಿ ಕಂಡ ಅತ್ಯಂತ ಖುಷಿಯ ಸುದ್ದಿ. ಸ್ಕಾಟ್ಲೆಂಡ್ 2008ರಲ್ಲಿ ಶಾಲಾ ಹುಡುಗಿಯರಿಗೆ ಈ ಲಸಿಕೆ ಶುರು ಮಾಡಿತು. 2024ರಲ್ಲಿ ಅಲ್ಲಿನ ದಾಖಲೆಗಳನ್ನು ತೆಗೆದು ನೋಡಿದರೆ, 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿರಲಿಲ್ಲ. ಒಬ್ಬರಿಗೂ! ಇಲ್ಲಿ ಒಂದು ಮಾತು ಸೇರಿಸಬೇಕು. ಆ ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ಐವತ್ತರ ಹೊತ್ತಿಗೂ ಲೆಕ್ಕ ಸೊನ್ನೆಯಲ್ಲೇ ಇರುತ್ತದೆ ಅಂತ ಈಗಲೇ ಹೇಳಲಾಗದು. ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಹಾಗಾಗಿ ಲಸಿಕೆ ಪಡೆದವರೂ ಮುಂದೆ ಗರ್ಭಕಂಠದ ತಪಾಸಣೆ ಬಿಡಬಾರದು.

ಈ ಪಟ್ಟಿಗೆ ಹೊಸದಾಗಿ ಸೇರಬಹುದಾದ ಇನ್ನೊಂದು ಹೆಸರಿದೆ. ಕರುಳಿನ ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳು ಕೋಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸುತ್ತವೆ. ಅದು ಡಿಎನ್‌ಎಗೆ ಪೆಟ್ಟು ಕೊಟ್ಟರೆ ಉಳಿಯುವ ಗುರುತು ಬೇರೆ ಪೆಟ್ಟುಗಳ ಗುರುತಿನ ಹಾಗಿರುವುದಿಲ್ಲ. 2025ರಲ್ಲಿ 11 ದೇಶಗಳ 981 ಜನರ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿ ನೋಡಿದರು. ನಲವತ್ತರೊಳಗೆ ಕ್ಯಾನ್ಸರ್ ಬಂದವರಲ್ಲಿ ಈ ಗುರುತು, ಎಪ್ಪತ್ತು ದಾಟಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಕಾಣಿಸಿತು. ಪೆಟ್ಟು ಬಿದ್ದದ್ದು ಬಾಲ್ಯದಲ್ಲೇ ಇರಬೇಕು ಅನ್ನುವುದು ಸಂಶೋಧಕರ ಲೆಕ್ಕಾಚಾರ. ಚಿಕ್ಕ ವಯಸ್ಸಿನವರಲ್ಲಿ ಈ ಕ್ಯಾನ್ಸರ್ ಯಾಕೆ ಏರುತ್ತಿದೆ ಎಂಬ ಪ್ರಶ್ನೆಗೆ ಸಿಕ್ಕ ಒಳ್ಳೆ ಸುಳಿವು ಇದು. ಆದರೆ ಸುಳಿವು ಮಾತ್ರ. ಈ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಆಂಟಿಬಯಾಟಿಕ್ ಕೊಡಿ ಅಂತ ಕೇಳುವವರಿಗೆ ನಾನು ಬೇಡ ಅನ್ನುತ್ತೇನೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ತಾವೇ ತೀರ್ಮಾನಿಸದೆ ಬಂದು ತೋರಿಸಿ, ಸದ್ಯಕ್ಕೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಈಗ ಶುಗರ್ ವಿಷಯ. ಇಲ್ಲಿ ರೋಗಿಗಳೇ ನನಗಿಂತ ಮೊದಲು ಪ್ರಶ್ನೆ ಎತ್ತುತ್ತಾರೆ. "ಸಕ್ಕರೆ ತಿಂದ್ರೆ ಕ್ಯಾನ್ಸರ್ ಬೆಳೆಯುತ್ತಂತೆ, ಹೌದಾ?" ಈ ಮಾತಿನ ಹಿಂದೆ ನಿಜವಾದ ವಿಜ್ಞಾನ ಇದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಅಂತ ಜರ್ಮನಿಯ ಆಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ನಾವು ಮಾಡಿಸುವ ಪೆಟ್ ಸ್ಕ್ಯಾನ್ ನಿಂತಿರುವುದೇ ಇದರ ಮೇಲೆ. ವಿಕಿರಣ ಸೂಸುವ ಗ್ಲೂಕೋಸ್ ಚುಚ್ಚಿದರೆ ಗಡ್ಡೆ ಅದನ್ನು ಹೀರಿಕೊಂಡು ಪರದೆ ಮೇಲೆ ಹೊಳೆಯುತ್ತದೆ.

ಹಾಗಾದರೆ ಸಕ್ಕರೆ ಬಿಟ್ಟರೆ ಗಡ್ಡೆ ಹಸಿವಿನಿಂದ ಸಾಯಬೇಕಲ್ಲ? ಸಾಯುವುದಿಲ್ಲ. ರಕ್ತದಲ್ಲಿ ಗ್ಲೂಕೋಸ್ ಇಳಿಯಲು ದೇಹ ಬಿಡುವುದೇ ಇಲ್ಲ. ತಿನ್ನುವುದು ಕಡಿಮೆಯಾದರೆ ಲಿವರ್ ತಾನೇ ಗ್ಲೂಕೋಸ್ ತಯಾರಿಸುತ್ತದೆ. ಅದಕ್ಕೆ ಬೇಕಾದ ಸರಕನ್ನು ಮಾಂಸಖಂಡ ಕರಗಿಸಿ ತರುತ್ತದೆ. ಗಡ್ಡೆಗೆ ಸಿಗಬೇಕಾದದ್ದು ಸಿಕ್ಕೇ ಸಿಗುತ್ತದೆ. ಸೊರಗುವುದು ರೋಗಿ. ಸಕ್ಕರೆಯ ಜೊತೆಗೆ ಹಣ್ಣು, ಹಾಲು, ಅನ್ನ ಎಲ್ಲವನ್ನೂ ಬಿಟ್ಟು, ಕೀಮೋ ತಡೆದುಕೊಳ್ಳುವ ಶಕ್ತಿ ಇಲ್ಲದೆ ಬಂದವರಿಗೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಇದು. ರೋಗಿಯ ಮೇಲಲ್ಲ, ಇಂಥ ಸಲಹೆ ಹಂಚುವವರ ಮೇಲೆ.

ನಿಜವಾದ ನಂಟು ಇರುವುದು ಇನ್ಸುಲಿನ್ ಹತ್ತಿರ. ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿಯಾದರೆ ದೇಹಕ್ಕೆ ಇನ್ಸುಲಿನ್ ನಾಟುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನೂ ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಕೋಶಗಳಿಗೆ "ಬೆಳೆ" ಅಂತ ಹೇಳುವ ಹಾರ್ಮೋನ್ ಕೂಡ ಹೌದು. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳಲ್ಲಿ ಈಸ್ಟ್ರೋಜೆನ್ ಹೆಚ್ಚಾಗಿ ತಯಾರಾಗುವುದು ಕೊಬ್ಬಿನಲ್ಲೇ. ಗರ್ಭಕೋಶದ ಒಳಪದರಕ್ಕೆ, ಸ್ತನಕ್ಕೆ ಅದರ ಬಿಸಿ ತಟ್ಟುತ್ತದೆ. ಕೊಬ್ಬು ತುಂಬಿದ ಲಿವರ್‌ನಲ್ಲಿ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ. ಅತಿ ತೂಕಕ್ಕೂ 13 ಬಗೆಯ ಕ್ಯಾನ್ಸರ್‌ಗೂ ನಂಟಿದೆ ಅನ್ನಲು ಸಾಕಷ್ಟು ಪುರಾವೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಇದು ಹಲವು ವರ್ಷಗಳ ಕತೆ. ನಿನ್ನೆ ತಿಂದ ಸಿಹಿಯ ಕತೆ ಅಲ್ಲ.

ನಂಟು ತಿರುಗಿಯೂ ನಡೆಯುತ್ತದೆ. ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಶುಗರ್ ಶುರುವಾಗಿ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ನಾವು ಮೇದೋಜೀರಕ ಗ್ರಂಥಿಯ ಕಡೆ ಕಣ್ಣು ಹಾಯಿಸುತ್ತೇವೆ, ಅಲ್ಲಿ ಕ್ಯಾನ್ಸರ್ ಇರಬಹುದಾ ಅಂತ. ಹೆದರಬೇಡಿ. ಹೊಸದಾಗಿ ಶುಗರ್ ಬಂದ ಆ ವಯಸ್ಸಿನ ನೂರು ಜನರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುವುದು ಹೆಚ್ಚುಕಡಿಮೆ ಒಬ್ಬರಿಗೆ. ಆದರೆ ಹೊಸ ಶುಗರ್ ಜೊತೆ ತೂಕ ಇಳಿದರೆ "ಶುಗರ್ ಇದ್ರೆ ಇಳಿಯುತ್ತೆ ಬಿಡಿ" ಅಂತ ಸುಮ್ಮನಿರಬಾರದು.

ಮೊದಲೇ ಶುಗರ್ ಇದ್ದವರಿಗೆ ಕೀಮೋ ಕೊಡುವಾಗ ಇನ್ನೊಂದು ತಾಪತ್ರಯ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಶುಗರ್ ಏರಿಸುತ್ತದೆ. ಏರಿದ ಶುಗರ್ ಬಿಳಿ ರಕ್ತಕಣಗಳ ಕೆಲಸ ಕೆಡಿಸುತ್ತದೆ. ಅವುಗಳ ಸಂಖ್ಯೆಯನ್ನು ಕೀಮೋ ಮೊದಲೇ ಇಳಿಸಿರುತ್ತದೆ. ಆಗ ಬರುವ ಸೋಂಕು ಕೆಲವೇ ಗಂಟೆಗಳಲ್ಲಿ ಕೈ ಮೀರಬಹುದು. ಕೀಮೋ ದಿನಗಳಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರಕ್ಕೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ ಅಂತ ನಾವು ಬಡಕೊಳ್ಳುವುದು ಅದಕ್ಕೇ. ಆಸ್ಪತ್ರೆಯ ಮೂರು ಮಹಡಿಗಳೂ ಒಂದೇ ಹಾಸಿಗೆಯ ಸುತ್ತ ಸೇರುವುದು ಇಂಥ ರಾತ್ರಿಗಳಲ್ಲಿ.

ಇನ್ಸುಲಿನ್ ನಂಟು ಅಷ್ಟು ಗಟ್ಟಿ ಇದ್ದರೆ ಶುಗರ್ ಮಾತ್ರೆಯಿಂದ ಕ್ಯಾನ್ಸರ್ ತಡೆಯಬಹುದಲ್ವಾ? ಈ ಆಸೆ ಎಲ್ಲರಿಗೂ ಇತ್ತು, ನನಗೂ ಇತ್ತು. 2005ರಲ್ಲಿ ಸ್ಕಾಟ್ಲೆಂಡಿನಿಂದ ಒಂದು ವರದಿ ಬಂತು. ಮೆಟ್‌ಫಾರ್ಮಿನ್ ತಿನ್ನುವ ಶುಗರ್ ರೋಗಿಗಳಲ್ಲಿ ಕ್ಯಾನ್ಸರ್ ಕಡಿಮೆ ಕಂಡಿತ್ತು. ಅದರ ಹಿಂದೆಯೇ ಹಾಗೇ ಹೇಳುವ ವರದಿಗಳು ಸಾಲುಗಟ್ಟಿದವು. ಅಗ್ಗದ ಮಾತ್ರೆ, ಎಲ್ಲರಿಗೂ ಪರಿಚಿತ, ಇನ್ನೇನು ಬೇಕು? ಕೊನೆಗೆ ನಿಜವಾದ ಪರೀಕ್ಷೆ ನಡೆಯಿತು. ಶುಗರ್ ಇಲ್ಲದ, ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 3,649 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮೆಟ್‌ಫಾರ್ಮಿನ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಐದು ವರ್ಷ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಳೆ ವರದಿಗಳು ಎಡವಿದ್ದು ಎಲ್ಲಿ? ಒಂದು ಕಾರಣ ಲೆಕ್ಕದಲ್ಲೇ ಇತ್ತು. ಮಾತ್ರೆಯನ್ನು ಹೆಚ್ಚು ಕಾಲ ತಿನ್ನಬೇಕಾದರೆ ಮೊದಲು ಹೆಚ್ಚು ಕಾಲ ಬದುಕಿರಬೇಕು. ಬೇಗ ಕ್ಯಾನ್ಸರ್ ಬಂದವರು, ಬೇಗ ತೀರಿಕೊಂಡವರು ತಾವಾಗಿಯೇ "ಮಾತ್ರೆ ತಿನ್ನದವರು" ಎಂಬ ಪಟ್ಟಿಗೆ ಸೇರಿಬಿಡುತ್ತಾರೆ. ಆಗ ಮಾತ್ರೆಗೆ ಸಲ್ಲದ ಕೀರ್ತಿ ಸಿಗುತ್ತದೆ. ಶುಗರ್‌ಗಾಗಿ ಮೆಟ್‌ಫಾರ್ಮಿನ್ ತಿನ್ನುತ್ತಿರುವವರು ಇದನ್ನು ಓದಿ ಬಿಡಬೇಡಿ. ಶುಗರ್‌ಗೆ ಅದು ಈಗಲೂ ಒಳ್ಳೆ ಔಷಧವೇ.

ಈಗ ಅದೇ ಆಸೆ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಸುತ್ತ ಎದ್ದಿದೆ. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಹೃದಯಕ್ಕೆ ಒಳ್ಳೆಯದು ಅನ್ನಲು ಗಟ್ಟಿ ಆಧಾರ ಇದೆ. 17,604 ಜನರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಸೇರಿಸಿ ನೂರಕ್ಕೆ 8ರಿಂದ 6.5ಕ್ಕೆ ಇಳಿದವು. ಅವರೆಲ್ಲ ತೂಕ ಹೆಚ್ಚಿದ್ದ, ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ, ಶುಗರ್ ಇಲ್ಲದ ಜನ. ಕ್ಯಾನ್ಸರ್ ವಿಷಯದಲ್ಲಿ ಸಿಕ್ಕಿರುವುದು ಹೆಚ್ಚಾಗಿ ದಾಖಲೆ ನೋಡಿ ಮಾಡಿದ ಲೆಕ್ಕ. 2024ರಲ್ಲಿ ಅಮೆರಿಕದ 16 ಲಕ್ಷಕ್ಕೂ ಹೆಚ್ಚು ಶುಗರ್ ರೋಗಿಗಳ ದಾಖಲೆ ನೋಡಿದರು. ತೂಕಕ್ಕೆ ನಂಟಿರುವ 13 ಕ್ಯಾನ್ಸರ್‌ಗಳಲ್ಲಿ ಹತ್ತು, ಇನ್ಸುಲಿನ್ ಪಡೆದವರಿಗಿಂತ ಈ ಬಗೆಯ ಇಂಜೆಕ್ಷನ್ ಪಡೆದವರಲ್ಲಿ ಕಡಿಮೆ ಇದ್ದವು. ಅದೇ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಪಡೆದವರ ಜೊತೆ ಹೋಲಿಸಿದಾಗ ಆ ಲಾಭ ಕಾಣಲಿಲ್ಲ. ಇನ್ಸುಲಿನ್ ಹಂತಕ್ಕೆ ಬಂದವರ ಶುಗರ್ ಸಾಮಾನ್ಯವಾಗಿ ಹಳೆಯದು, ಆರೋಗ್ಯವೂ ಮೊದಲೇ ಹದಗೆಟ್ಟಿರುತ್ತದೆ. ಅವರ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಗುಂಪೂ ಚೆನ್ನಾಗಿ ಕಾಣುತ್ತದೆ. ಕ್ಯಾನ್ಸರ್ ತಡೆಯಲೆಂದೇ ಈ ಇಂಜೆಕ್ಷನ್ ಬರೆದುಕೊಡಿ ಅಂದರೆ ನಾನು ಬರೆಯುವುದಿಲ್ಲ. ಕೀಮೋದಿಂದ ಊಟವೇ ಸೇರದವರು ಇದನ್ನು ಮುಂದುವರಿಸುತ್ತಿದ್ದರೆ ನಿಲ್ಲಿಸುವ ಬಗ್ಗೆ ಅವರ ಶುಗರ್ ಡಾಕ್ಟರ್ ಜೊತೆ ಮಾತಾಡುತ್ತೇನೆ.

ನಾನು ಬರೆದುಕೊಡುವುದು ನಡಿಗೆ. ಇದನ್ನು ಹೇಳಿದಾಗ ಜನ ಮುಖ ಸಣ್ಣ ಮಾಡುತ್ತಾರೆ, ಇಷ್ಟೇನಾ ಅಂತ. ಆದರೆ ಚೀಟಿ ಎತ್ತಿ ಗುಂಪು ಮಾಡುವ ಆ ಕಠಿಣ ಪರೀಕ್ಷೆಯನ್ನು ವ್ಯಾಯಾಮ ಪಾಸು ಮಾಡಿದೆ. ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಹೆಚ್ಚಾಗಿ ನಡೆದ ಈ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯದ ಬಗ್ಗೆ ಓದುವ ಸಾಮಗ್ರಿ. ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆದರೆ ಸಾಕು, ಅವರ ಗುರಿ ಮುಟ್ಟುತ್ತಿತ್ತು. ಎಂಟು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90 ಜನ ಬದುಕಿದ್ದರು, ಇನ್ನೊಂದರಲ್ಲಿ 83. ಇಷ್ಟು ವ್ಯತ್ಯಾಸ ತರುವ ಔಷಧ ಬಂದರೆ ಕಂಪನಿಗಳು ಹಬ್ಬ ಮಾಡುತ್ತವೆ. ಅಡ್ಡ ಪರಿಣಾಮವೂ ಇತ್ತು. ಕೀಲು, ಸ್ನಾಯು ನೋವು ಈ ಗುಂಪಿನಲ್ಲಿ ಜಾಸ್ತಿ.

ಆ ಪ್ರಯೋಗದಲ್ಲಿ ನನ್ನ ಕಣ್ಣು ನಿಂತದ್ದು ತರಬೇತುದಾರರ ಮೇಲೆ. ಎರಡೂ ಗುಂಪಿಗೂ ವ್ಯಾಯಾಮ ಒಳ್ಳೆಯದು ಅಂತ ಗೊತ್ತಿತ್ತು. ಫೋನ್ ಮಾಡಿ "ಈ ವಾರ ಎಷ್ಟು ನಡೆದ್ರಿ" ಅಂತ ಕೇಳುವವರು ಒಂದಕ್ಕೆ ಮಾತ್ರ ಇದ್ದರು. ಕೀಮೋ ಮುಗಿಸಿ ಮನೆಗೆ ಹೋಗುವವರ ಕೈಗೆ ನಾವು ಈಗಲೂ ಕೊಡುವುದು ಮುಂದಿನ ಸ್ಕ್ಯಾನ್ ದಿನಾಂಕ ಮತ್ತು ಒಂದು ಕೈಪಿಡಿ. ಅದರ ಜೊತೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹೆಸರನ್ನೂ ಬರೆದುಕೊಡಿ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಹೃದಯದ ತೊಂದರೆ, ಮೂಳೆಗೆ ಹರಡಿದ ಕ್ಯಾನ್ಸರ್, ಕೈಕಾಲು ಜೋಮು ಇದ್ದವರು ಆ ಫಿಸಿಯೋಥೆರಪಿಸ್ಟನ್ನು ನೋಡಿದ ಮೇಲೆಯೇ ನಡಿಗೆ ಶುರು ಮಾಡಿ.