ರಾಮನಿಗೂ ವಾಲಿ ಎದುರಾಗುತ್ತಿದ್ದ

ಕುಮಟಾ, ಹೊನ್ನಾವರದ ಕಡೆ ಧರ್ಮ, ಅಧರ್ಮದ ಚರ್ಚೆ ಕೇಳಬೇಕೆಂದರೆ ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ಹೋಗಿ ಕೂರಬೇಕಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಸರಿಯಾ ಎಂದು ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ದೇವರೆಂದು ರಿಯಾಯಿತಿ ಇಲ್ಲ. ಇವತ್ತು ರಾಮನ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದ ಅರ್ಥಧಾರಿಗಳೇ ಮತ್ತೊಂದು ದಿನ ವಾಲಿಯ ಅರ್ಥ ಹೇಳುತ್ತಿದ್ದರು.

ಈಗ ಅದೇ ಊರುಗಳ ಹುಡುಗರು ಧರ್ಮದ ಮಾತನ್ನು ರೀಲ್ಸ್‌ನಲ್ಲಿ ಕೇಳುತ್ತಾರೆ. ಅಲ್ಲಿ ಎದುರು ಅರ್ಥಧಾರಿ ಇಲ್ಲ.

ಹಾಗಂತ ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವಂತಿಲ್ಲ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆಯಿತು. ಆಗ ಯಾರ ಕಿಸೆಯಲ್ಲೂ ಮೊಬೈಲ್ ಇರಲಿಲ್ಲ. ಅದೇ ಭಟ್ಕಳದಲ್ಲಿ ಹನುಮಂತ ದೇವರ ತೇರಿಗೆ ಮುಸ್ಲಿಂ ಮನೆಗೆ ಹೋಗಿ ಕರೆಯುವ ವಾಡಿಕೆಯೂ ಇದೆ. ಎರಡೂ ಈ ಕರಾವಳಿಯದ್ದೇ.

ಮೊದಲು ಬದಲಾಗಿದ್ದು ವೇಗ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಮರುವರ್ಷ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆಂಬ ಮಾತು ಫೋನಿನಿಂದ ಫೋನಿಗೆ ಹಾರಿತು. ಕುಮಟಾದಲ್ಲಿ ಹಿಂಸೆ ನಡೆಯಿತು. ನಾಲ್ಕೈದು ದಿನದಲ್ಲಿ ಬೆಂಕಿ ಘಟ್ಟ ಹತ್ತಿ ಶಿರಸಿಯನ್ನೂ ಮುಟ್ಟಿತು. ಅದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಆಗ ಪಿಯುಸಿಯಲ್ಲಿದ್ದ ಹುಡುಗರು ಡಿಗ್ರಿಯನ್ನೂ ಮುಗಿಸಿದ್ದರು.

2018ರಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಿತು. ಆದರೆ ಫಾರ್ವರ್ಡ್‌ಗೆ ಮುಖ ಇರಲಿಲ್ಲ. ಮುಖ ಬಂದಿದ್ದು 2020ರಲ್ಲಿ. ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಯಾರೋ ಕಳಿಸಿದ ಮೆಸೇಜಿನ ಜಾಗದಲ್ಲಿ ಒಳ್ಳೆ ದನಿಯ, ದಿನಾ ಕಾಣುವ ಒಬ್ಬ ಅಣ್ಣ ಬಂದು ಕೂತ. ಅಣ್ಣನ ಮಾತನ್ನು ಅನುಮಾನಿಸುವುದು ಕಷ್ಟ, ಅಲ್ವಾ?

ಇಂಥ ಅಣ್ಣಂದಿರೆಲ್ಲರೂ ದ್ವೇಷ ಹಂಚುವವರೇ ಅಂತಲ್ಲ. ಸ್ತೋತ್ರ ಹೇಳಿಕೊಡುವವರಿದ್ದಾರೆ, ಕುರಾನಿನ ಸಾಲಿಗೆ ಅರ್ಥ ಹೇಳುವವರಿದ್ದಾರೆ. ಪಕ್ಕದ ಮನೆಯವರು ಯಾಕೆ ರೋಜಾ ಹಿಡಿಯುತ್ತಾರೆ ಅಂತ ಕಾರವಾರದ ಹುಡುಗ ರೀಲ್ ನೋಡಿಯೇ ತಿಳಿಯಬಹುದು. ತೊಡಕಿರುವುದು ಆ್ಯಪಿನ ಲೆಕ್ಕದಲ್ಲಿ. ಹೆಚ್ಚು ಕಾಮೆಂಟ್ ಬಿದ್ದ ವಿಡಿಯೋ ಹೆಚ್ಚು ಜನರಿಗೆ ಹೋಗುತ್ತದೆ. ಸಿಟ್ಟಿಗೆ ಕಾಮೆಂಟ್ ಜಾಸ್ತಿ. ಮೆತ್ತಗೆ ಮಾತಾಡುತ್ತಿದ್ದವರೂ ಕ್ರಮೇಣ ಇದನ್ನು ಕಲಿಯುತ್ತಾರೆ. ಮಾತಾಡಿದವನು ಎಲ್ಲೋ ದೂರದ ಊರಿನವನು. ಮರುದಿನ ಇಲ್ಲಿನ ಪೇಟೆಯಲ್ಲಿ ಪರಸ್ಪರ ಮುಖ ನೋಡಿ ಮೀನು ಮಾರಬೇಕಾದವರು, ಕೊಳ್ಳಬೇಕಾದವರು ನಾವು.

ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಡಮಾಮಿ ಡೋಲು ಬಾರಿಸಿದರೆ ಕುಣಿತ ಒಂದೇ. ಅಲ್ಲಿನ ಹುಡುಗರ ಕೈಗೂ ಈಗ ಫೋನ್ ಬಂದಿದೆ. ಒಂದೇ ಅಂಗಳದಲ್ಲಿ ಕೂತ ಮೂವರಿಗೆ ಅದು ಮೂರು ಬೇರೆ ಬೇರೆ ಅಣ್ಣಂದಿರನ್ನು ತೋರಿಸುತ್ತದೆ.