ಕತ್ತಲ ಬಚ್ಚಲುಮನೆಯಲ್ಲಿ 20 ದಿನ: ಪೋಕರ್ ಆಟಗಾರರ ಬಾಜಿಗಳ ಹಿನ್ನೆಲೆ

2018ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರಿಚ್ ಅಲಾಟಿ ಎಂಬ ಪೋಕರ್ ಆಟಗಾರ ಒಂದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ದೀಪವಿಲ್ಲ, ಫೋನಿಲ್ಲ, ಮಾತಿಗೆ ಜನವಿಲ್ಲ. ಹೀಗೆ 30 ದಿನ ಕಳೆದರೆ ಇನ್ನೊಬ್ಬ ಆಟಗಾರ ರೋರಿ ಯಂಗ್ 1 ಲಕ್ಷ ಡಾಲರ್ ಕೊಡಬೇಕು. ನಡುವೆ ಎದ್ದು ಬಂದರೆ ಅಲಾಟಿಯೇ 1 ಲಕ್ಷ ಕೊಡಬೇಕು. ಊಟ ಹೋಟೆಲಿನಿಂದ ಬರುತ್ತಿತ್ತು, ಆದರೆ ಹೊತ್ತು ತಪ್ಪಿಸಿ ಬರುತ್ತಿತ್ತು. ಊಟದ ಲೆಕ್ಕದಲ್ಲಿ ದಿನ ಎಣಿಸಲು ಆಗಬಾರದು ಎಂಬುದು ಉದ್ದೇಶ. 20 ದಿನ ಕಳೆದ ಮೇಲೆ ಇಬ್ಬರೂ ರಾಜಿಯಾದರು. ಅಲಾಟಿ 62,400 ಡಾಲರ್ ಪಡೆದು ಹೊರಬಂದರು.

ಬೆಂಗಳೂರಿನ ಪೋಕರ್ ಬಳಗಗಳಿಗೆ ಇಂಥ ಕತೆಗಳು ಹೊಸತಲ್ಲ. ಹೇಳುವವರು ಬಚ್ಚಲುಮನೆಯನ್ನು ಬಣ್ಣಿಸುತ್ತಾರೆ, 62,400ನ್ನು ಹಾರಿಸಿಬಿಡುತ್ತಾರೆ. ಬಾಜಿಯ ಜೀವ ಇರುವುದು ಆ ಅಂಕಿಯಲ್ಲೇ. ಗೆದ್ದರೆ 1 ಲಕ್ಷ ಬರುತ್ತದೆ, ಸೋತರೆ 1 ಲಕ್ಷ ಹೋಗುತ್ತದೆ. ಅಂದರೆ ಎರಡು ತುದಿಗಳ ನಡುವಿನ ಅಂತರ 2 ಲಕ್ಷ. 62,400ಕ್ಕೆ 1 ಲಕ್ಷ ಕೂಡಿಸಿ 2 ಲಕ್ಷದಿಂದ ಭಾಗಿಸಿದರೆ 0.812 ಬರುತ್ತದೆ. ಉಳಿದ 10 ದಿನವನ್ನು ಅಲಾಟಿ ಮುಗಿಸುವ ಸಾಧ್ಯತೆ ಶೇ 81ರ ಆಸುಪಾಸು ಎಂದು ಇಬ್ಬರೂ ಒಪ್ಪಿದರೆ ಹುಟ್ಟುವ ಬೆಲೆ ಇದು. ಯಂಗ್‌ಗೆ ಇನ್ನೂ 37,600 ಕಳೆದುಕೊಳ್ಳುವ ಭಯ ತಪ್ಪಿತು. ಅಲಾಟಿಗೆ ಕೈಗೆ ಬಂದದ್ದು ಜಾರುವ ಭಯ ತಪ್ಪಿತು. ಇಸ್ಪೀಟು ಮೇಜಿನಲ್ಲಿ ಪ್ರತಿ ಕೈಗೂ ಈ ಲೆಕ್ಕ ಹಾಕುವವರು ಮೇಜು ಬಿಟ್ಟೆದ್ದರೂ ಅದನ್ನೇ ಹಾಕುತ್ತಾರೆ. ಇದನ್ನು ಹುಚ್ಚು ಎನ್ನುವವರು ಅರ್ಧ ಕತೆಯನ್ನಷ್ಟೇ ಕೇಳಿರುತ್ತಾರೆ.

ಇಂಥ ಪಂಥಗಳು ನಮ್ಮ ನೆಲಕ್ಕೂ ಹೊರಗಿನವಲ್ಲ. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಲಿಂಬೆಹಣ್ಣು ಒಗೆಯುವ ಪಣ ಕಟ್ಟುತ್ತಾರೆ. ಇಂತಿಷ್ಟು ಒಗೆತದಲ್ಲಿ ಇಂಥ ಜಾಗ ಮುಟ್ಟಬೇಕು ಎಂಬುದು ಕರಾರು. ದೂರ, ಒಗೆತದ ಲೆಕ್ಕ, ಹಣ ಮೂರೂ ಮೊದಲೇ ಗೊತ್ತಾಗಿರುತ್ತವೆ. ಪೋಕರ್ ಮಂದಿಯ ಬಾಜಿಗೂ ಇವೇ ಮೂರು ಕಾಲು.

ಅಮೆರಿಕದಲ್ಲಿ ಈ ಚಾಳಿಗೆ ಹೆಸರು ತಂದವನು ಟೈಟಾನಿಕ್ ಥಾಂಪ್ಸನ್ (1892–1974). ಗಾಲ್ಫ್ ಚೆಂಡನ್ನು 500 ಗಜ ಹೊಡೆಯುತ್ತೇನೆ ಎಂದು ಪಣ ಕಟ್ಟಿ, ಚಳಿಗಾಲದವರೆಗೆ ಕಾದು, ಹೆಪ್ಪುಗಟ್ಟಿದ ಕೆರೆಯ ಮೇಲೆ ಹೊಡೆದ ಎಂಬ ಕತೆ ಅವನ ಹೆಸರಿನಲ್ಲಿದೆ. ಚೆಂಡು ಮಂಜಿನ ಮೇಲೆ ಜಾರುತ್ತಲೇ ಹೋಯಿತಂತೆ. ಬಲಗೈಯಲ್ಲಿ ಆಡಿ ಗೆದ್ದು, ‘ಬೇಕಾದರೆ ಎಡಗೈಯಲ್ಲಿ ಆಡುತ್ತೇನೆ, ಹಣ ದುಪ್ಪಟ್ಟು’ ಎನ್ನುತ್ತಿದ್ದನಂತೆ. ಅವನು ಹುಟ್ಟಾ ಎಡಗೈಯವನು. ಪ್ರತಿ ವರ್ಷ ನಡೆಯುವ ದೊಡ್ಡ ಪೋಕರ್ ಪಂದ್ಯಾವಳಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನು 1972ರಲ್ಲಿ ಗೆದ್ದ ಅಮರಿಲ್ಲೊ ಸ್ಲಿಮ್ ಅದೇ ಜಾಡು ಹಿಡಿದ. ಟೆನಿಸ್ ಚಾಂಪಿಯನ್ ಬಾಬಿ ರಿಗ್ಸ್ ಜೊತೆ ಟೇಬಲ್ ಟೆನಿಸ್ ಪಂಥ ಕಟ್ಟಿ, ಬ್ಯಾಟ್ ಯಾವುದೆಂದು ತಾನೇ ಆರಿಸುವೆನೆಂದು ಒಪ್ಪಿಸಿ, ಆಟದ ದಿನ ಎರಡು ಬಾಣಲೆ ತಂದ. ತಿಂಗಳುಗಟ್ಟಲೆ ಬಾಣಲೆಯಲ್ಲೇ ಅಭ್ಯಾಸ ಮಾಡಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಇಂಥವು ಹರಡಿದ ಮೇಲೆ ಕರಾರಿನ ಮಾತು ಬಿಗಿಯಾಯಿತು. ಬೆಂಗಳೂರಿನ ಉದಾಹರಣೆ ತೆಗೆದುಕೊಳ್ಳಿ: ಮೇಖ್ರಿ ಸರ್ಕಲ್‌ನಿಂದ ನಂದಿ ಬೆಟ್ಟದ ತುದಿಗೆ 3 ಗಂಟೆಯೊಳಗೆ ಸೈಕಲ್, ಸೋತವರು ಎಲ್ಲರಿಗೂ ಊಟ ಹಾಕಿಸಬೇಕು. ಕೇಳಲು ಸ್ಪಷ್ಟ. ಆದರೆ ಕೊನೆಯ ಏಳೆಂಟು ಕಿಲೋಮೀಟರ್ ಏರಿನಲ್ಲಿ ಇಳಿದು ತಳ್ಳಬಹುದೇ? ಪಂಕ್ಚರ್ ಆದರೆ ಗಡಿಯಾರ ನಿಲ್ಲುತ್ತದೆಯೇ? ಮುಂದೆ ಗಾಳಿಗೆ ಅಡ್ಡವಾಗಿ ಗೆಳೆಯನೊಬ್ಬ ತುಳಿಯಬಹುದೇ? ಬೆಟ್ಟದ ಗೇಟು ಮುಚ್ಚಿದ್ದರೆ ಸಮಯ ಎಲ್ಲಿಗೆ ಲೆಕ್ಕ? ಗೇರ್ ಸೈಕಲ್ಲೋ, ಮೋಟಾರ್ ಇರುವ ಸೈಕಲ್ಲೋ? ಇಷ್ಟೂ ಬರೆದಿಡದಿದ್ದರೆ ಜಗಳ ಬೆಟ್ಟದ ಮೇಲೆ ಕಾದಿರುತ್ತದೆ. ಸೋಲುವ ಕಡೆಯವರು ಮೊದಲು ಹುಡುಕುವುದು ಕರಾರಿನ ಇಂಥ ಸಂದುಗಳನ್ನೇ.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಪಂದ್ಯದಿಂದ ವರ್ಲ್ಡ್ ಸೀರೀಸ್ ಪ್ರವೇಶ ಗಳಿಸಿ, 839 ಮಂದಿಯ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದ. ಆಮೇಲೆ ಪೋಕರ್‌ಗೆ ಹಣ ಹರಿಯಿತು, ಬಾಜಿಗಳೂ ಊದಿಕೊಂಡವು. 2007ರಲ್ಲಿ ಪೋಕರ್ ಆಟಗಾರ ಎರಿಕ್ ಲಿಂಡ್‌ಗ್ರೆನ್ ವೇಗಸ್‌ನ ಬಿಸಿಲಲ್ಲಿ ತನ್ನ ಚೀಲ ತಾನೇ ಹೊತ್ತು ಒಂದೇ ದಿನ 72 ಕುಳಿಗಳ ಗಾಲ್ಫ್ ಆಡಿ, ನಾಲ್ಕು ಸುತ್ತನ್ನೂ ತಲಾ 100 ಹೊಡೆತದೊಳಗೆ ಮುಗಿಸಿ ಸುಮಾರು 3.4 ಲಕ್ಷ ಡಾಲರ್ ಗೆದ್ದರು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಪೋಕರ್ ಆಡುವ ಸ್ಟೇಪಲ್ಸ್ ಸಹೋದರರ ಬಾಜಿ. 2017ರಲ್ಲಿ ಜೇಮಿಯ ತೂಕ 300 ಪೌಂಡ್ ದಾಟಿತ್ತು (136 ಕಿಲೋ), ತಮ್ಮ ಮ್ಯಾಟ್‌ನದು ಅದರ ಅರ್ಧಕ್ಕಿಂತ ಕಡಿಮೆ. ಒಂದು ವರ್ಷದಲ್ಲಿ ಇಬ್ಬರ ತೂಕವೂ ಒಂದೇ ಆಗಬೇಕು, ವ್ಯತ್ಯಾಸ ಒಂದು ಪೌಂಡ್ ಮೀರಬಾರದು. ಎದುರು ಬಾಜಿ ಕಟ್ಟಿದ ಸಿರಿವಂತ ಬಿಲ್ ಪರ್ಕಿನ್ಸ್ ಕೊಟ್ಟ ದರ ಒಂದಕ್ಕೆ ಐವತ್ತು: 3,000 ಡಾಲರಿಗೆ ಒಂದೂವರೆ ಲಕ್ಷ. ಈ ದರದಲ್ಲಿ 51 ಸಲಕ್ಕೆ ಒಂದು ಸಲ ಗೆದ್ದರೂ ನಷ್ಟವಿಲ್ಲ. ಅಂದರೆ ಶೇ 2ರಷ್ಟು ನಂಬಿಕೆ ಇದ್ದರೆ ಸಾಕು. ಪರ್ಕಿನ್ಸ್ ತೂಗಿದ್ದು ಮನುಷ್ಯರು ಸಾಮಾನ್ಯವಾಗಿ ಎಷ್ಟು ಬೇಗ ಕೈಬಿಡುತ್ತಾರೆ ಎಂಬುದನ್ನು. ಆದರೆ ಬಾಜಿಯ ಹಣವೇ ಗೆಲ್ಲುವ ಸಾಧ್ಯತೆಯನ್ನು ಏರಿಸುತ್ತದೆ. ಸುಮ್ಮನೆ ತೂಕ ಇಳಿಸುವವರಿಗೂ ಒಂದೂವರೆ ಲಕ್ಷಕ್ಕಾಗಿ ಇಳಿಸುವವರಿಗೂ ಒಂದೇ ದರ ಹಾಕಲಾಗದು. 2018ರ ಮಾರ್ಚ್‌ನಲ್ಲಿ ಇಬ್ಬರೂ 188 ಪೌಂಡ್ ಆಸುಪಾಸಿನಲ್ಲಿ ತಕ್ಕಡಿ ಹತ್ತಿ ಗೆದ್ದರು.

ಗೆಲ್ಲುವುದು ಒಂದು, ಹಣ ಕೈಸೇರುವುದು ಇನ್ನೊಂದು. 1928ರಲ್ಲಿ ನ್ಯೂಯಾರ್ಕ್‌ನ ಆರ್ನಲ್ಡ್ ರಾಥ್‌ಸ್ಟೀನ್ ಪೋಕರ್ ಆಟದಲ್ಲಿ 3 ಲಕ್ಷ ಡಾಲರಿಗೂ ಹೆಚ್ಚು ಸೋತು, ಆಟ ಮೋಸದ್ದೆಂದು ಹಣ ಕೊಡಲಿಲ್ಲ. ನವೆಂಬರ್ 4ರಂದು ಗುಂಡೇಟು ತಿಂದ. ಆ ಮೇಜಿನಲ್ಲಿ ಥಾಂಪ್ಸನ್ ಕೂಡ ಇದ್ದ. 2010ರಲ್ಲಿ ಪೋಕರ್ ಆಟಗಾರ ಟೆಡ್ ಫಾರೆಸ್ಟ್ 20 ಲಕ್ಷ ಡಾಲರಿನ ಪಣಕ್ಕೆ 188 ಪೌಂಡಿನಿಂದ 140ರ ಕೆಳಗೆ ಇಳಿದು ಗೆದ್ದರು, ಆದರೆ ಹಣದ ತಕರಾರು ಬಹಿರಂಗವಾಗಿ ವರ್ಷಗಟ್ಟಲೆ ಎಳೆಯಿತು. ಅನುಭವಿಗಳು ದೊಡ್ಡ ಬಾಜಿಯ ಹಣವನ್ನು ಮೊದಲೇ ಮೂರನೆಯವರ ಕೈಗೆ ಕೊಡಿಸುವುದು ಇದಕ್ಕೇ.

ಬೆಂಗಳೂರಿನಲ್ಲಿ ಆ ದಾರಿಗೂ ಕಾನೂನಿನ ಆಸರೆಯಿಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಅಸಿಂಧು. ಗೆದ್ದ ಹಣಕ್ಕೆ ದಾವೆ ಹೂಡುವಂತಿಲ್ಲ. ಮೂರನೆಯವರ ಬಳಿ ಇಟ್ಟ ಹಣಕ್ಕೂ ಹೂಡುವಂತಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಕುದುರೆ ರೇಸಿನ 500 ರೂಪಾಯಿ ಮತ್ತು ಮೇಲ್ಪಟ್ಟ ಬಹುಮಾನಕ್ಕೆ ಮಾತ್ರ ವಿನಾಯಿತಿ.

ಪೋಕರ್ ಆಟದ ಪಾಡು ಬೇರೆ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದಿತು. 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು 2022ರ ಫೆಬ್ರುವರಿ 14ರಂದು ಅದೇ ಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ವರ್ಗವಾದವು. ಎದುರುಬದುರು ಕೂತು ಆಡುವ ಮೇಜಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೇ ಆಧಾರ. ಅದರ 176ನೇ ಸೆಕ್ಷನ್ ಕಾಯುವುದು ಕೌಶಲದ ಆಟವನ್ನೂ, ಅದರಲ್ಲಿ ಪಾಲ್ಗೊಂಡವರು ಕಟ್ಟುವ ಪಣವನ್ನೂ ಮಾತ್ರ. ಮೇಜಿನ ಸುತ್ತ ನಿಂತು ‘ಇವನೇ ಗೆಲ್ಲುತ್ತಾನೆ’ ಎಂದು ಹಣ ಹಾಕುವವರಿಗೆ ಆ ಸೆಕ್ಷನ್‌ನಲ್ಲಿ ಜಾಗವಿಲ್ಲ.