ಸೊಂಟಕ್ಕೆ ಬರೆ, ಮಿದುಳಿಗೆ ಪಾಠ

ಸೊಂಟ ನೋವಿಗೆ ಕಾದ ಕಬ್ಬಿಣದಿಂದ ಬರೆ ಹಾಕಿಸಿಕೊಂಡವರು ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ‘ಹಾಕಿದ ಕೂಡಲೇ ಹಗುರಾಯಿತು’ ಎಂದು ಅವರು ಹೇಳುವುದು ಸುಳ್ಳಲ್ಲ. ಮೈಯ ಒಂದೆಡೆ ತೀವ್ರ ನೋವಾದಾಗ ಮಿದುಳಿನ ಬುಡದಿಂದ ಬೆನ್ನುಹುರಿಗೆ ತಡೆಸಂಕೇತ ಇಳಿದು, ಬೇರೆಡೆಯ ನೋವು ಸ್ವಲ್ಪ ಹೊತ್ತು ಅಡಗುತ್ತದೆ. ಫ್ರಾನ್ಸಿನ ಸಂಶೋಧಕರು ಇದನ್ನು 1979ರಲ್ಲಿಯೇ ಇಲಿಗಳಲ್ಲಿ ತೋರಿಸಿದ್ದರು. ತಡೆ ಸಡಿಲವಾದೊಡನೆ ಹಳೆಯ ನೋವು ಮರಳುತ್ತದೆ, ಜೊತೆಗೆ ಸುಟ್ಟ ಗಾಯವೂ ಉಳಿಯುತ್ತದೆ. ಹಸುಗೂಸುಗಳಿಗೂ ಬರೆ ಎಳೆಯುವವರಿದ್ದಾರೆ. ಅದಕ್ಕೆ ಪದ್ಧತಿ ಎಂಬ ಹೆಸರು ಕೊಟ್ಟು ಸುಮ್ಮನಿರಲು ನನ್ನಿಂದಾಗದು.

ಇನ್ನೊಂದು ಮೂಢನಂಬಿಕೆ ಸ್ಕ್ಯಾನಿಂಗ್ ಕೇಂದ್ರದ ಲಕೋಟೆಯಲ್ಲಿ ಬರುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆಯವರು ದಿನವಿಡೀ ಮಿಷನ್ ಮುಂದೆ ಬಾಗಿ ಕೂರುತ್ತಾರೆ. ಬೆನ್ನು ನೋವೆಂದು ಎಂಆರ್‌ಐ ಮಾಡಿಸಿದರೆ ‘ಡಿಸ್ಕ್ ಸವೆದಿದೆ’, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸವೆದಿದೆ ಎಂಬ ವರದಿ ಕೈಗೆ ಬರುತ್ತದೆ. ಅಂದಿನಿಂದ ಅವರು ಬಾಗಲು ಅಂಜುತ್ತಾರೆ, ಕೊಡ ಎತ್ತಲು ಅಂಜುತ್ತಾರೆ. ಆದರೆ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ನಡೆಸಿದ ಪರಿಶೀಲನೆ ಏನು ಹೇಳುತ್ತದೆ ಗೊತ್ತೇ? ಇಪ್ಪತ್ತರ ವಯಸ್ಸಿನವರಲ್ಲಿ 37%, ಎಂಬತ್ತರವರಲ್ಲಿ 96% ಮಂದಿಯ ಡಿಸ್ಕ್ ಸವೆದಿತ್ತು. ಅಂದರೆ ಸವೆತ ಕಂಡಿತು ಎಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎನ್ನಲಾಗದು.

ಏಟು ಬಿದ್ದಷ್ಟೇ ನೋವು ಎಂಬ ಲೆಕ್ಕವನ್ನು ನಾವು ಬಹಳ ಕಾಲದಿಂದ ನಂಬಿದ್ದೇವೆ. ಬೆಂಕಿ ಪಾದಕ್ಕೆ ತಾಗಿದರೆ ಅದರ ಸುದ್ದಿ ನೇರವಾಗಿ ಮಿದುಳಿಗೆ ಏರುತ್ತದೆ ಎಂದು ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ 17ನೇ ಶತಮಾನದಲ್ಲಿ ಬರೆದ. ಈ ನೇರ ದಾರಿಯ ಕಲ್ಪನೆ ಯುದ್ಧಭೂಮಿಯಲ್ಲಿ ಸೋತಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೊದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಭೀಕರವಾಗಿ ಗಾಯಗೊಂಡ ಸೈನಿಕರನ್ನು ‘ನೋವಿಗೆ ಔಷಧ ಬೇಕೇ’ ಎಂದು ವಿಚಾರಿಸಿದರು. ಸುಮಾರು ಮುಕ್ಕಾಲು ಪಾಲು ಮಂದಿ ಬೇಡವೆಂದರು. ಅವರ ಪಾಲಿಗೆ ಆ ಗಾಯವೆಂದರೆ ಸಾವಿನಿಂದ ಪಾರಾಗಿ ಮನೆಗೆ ಮರಳುವ ದಾರಿ ಎಂಬುದು ಬೀಚರ್ ಕೊಟ್ಟ ವಿವರಣೆ. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್, ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ಬಿಡುವ, ತಡೆಯುವ ಬಾಗಿಲಿದೆ ಎಂದೂ ಮಿದುಳು ಮೇಲಿನಿಂದ ಅದನ್ನು ಹಿಗ್ಗಿಸಿ ಕುಗ್ಗಿಸಬಲ್ಲದು ಎಂದೂ ವಾದಿಸಿದರು. ಗಾಯದ ಸುದ್ದಿಯನ್ನು ಮೈ ಕಳಿಸುತ್ತದೆ. ಅದು ನೋವಾಗಬೇಕೇ, ಎಷ್ಟಾಗಬೇಕು ಎಂಬುದು ಮಿದುಳಿನಲ್ಲಿ ತೀರ್ಮಾನವಾಗುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಆನೆಗೊಂದಿ ಬೆಟ್ಟದ ಸೆರಗಿನ ಊರಿನಲ್ಲಿ ಚಿರತೆ ಕಾಣಿಸಿತು ಎನ್ನಿ. ಆ ರಾತ್ರಿ ನಾಯಿ ಬೊಗಳಿದರೂ ಜನ ಕೋಲು ಹಿಡಿದು ಹೊರಬರುತ್ತಾರೆ, ಬಾಳೆ ಎಲೆ ಅಲುಗಿದರೂ ಬರುತ್ತಾರೆ. ಚಿರತೆ ಬೋನಿಗೆ ಬಿದ್ದು ತಿಂಗಳಾದರೂ ಕತ್ತಲಾದ ಮೇಲೆ ಯಾರೂ ಗದ್ದೆಗೆ ಹೋಗುವುದಿಲ್ಲ. ಹೋಗದ ಕಾರಣ ಗದ್ದೆ ಸುರಕ್ಷಿತವಾಗಿದೆ ಎಂದು ತಿಳಿಯುವ ಅವಕಾಶವೂ ಅವರಿಗೆ ಸಿಗುವುದಿಲ್ಲ. ದೀರ್ಘಕಾಲದ ನೋವಿನಲ್ಲಿ ನರವ್ಯೂಹ ಈ ಊರಿನ ಸ್ಥಿತಿಯಲ್ಲಿರುತ್ತದೆ. ನೋವಿನ ಸಂಕೇತಗಳು ಎಡೆಬಿಡದೆ ಬಂದರೆ ಬೆನ್ನುಹುರಿಯ ನರಕೋಶಗಳು ತಾವೇ ಹೆಚ್ಚು ಸೂಕ್ಷ್ಮವಾಗುತ್ತವೆ ಎಂದು ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದರು. ಆಮೇಲೆ ಹಗುರ ಸ್ಪರ್ಶವೂ ನೋವಾಗಬಲ್ಲದು. ನೋವು ಬಂದಾಗ ಹೆದರುತ್ತೇವೆ, ಹೆದರಿ ಮೈಯನ್ನು ಬಿಗಿಹಿಡಿಯುತ್ತೇವೆ, ಆ ಭಯವನ್ನೇ ಮಿದುಳು ಅಪಾಯಕ್ಕೆ ಸಾಕ್ಷಿಯೆಂದು ತೆಗೆದುಕೊಂಡು ಇನ್ನಷ್ಟು ನೋವು ಹುಟ್ಟಿಸುತ್ತದೆ. ಗಾಯ ಮಾಗಿದ್ದರೂ ಈ ಸುತ್ತು ನಿಲ್ಲುವುದಿಲ್ಲ.

‘ಹಾಗಾದರೆ ಇದೆಲ್ಲ ಮನಸ್ಸಿನ ಭ್ರಮೆ’ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ಈ ನೋವು ಮುಳ್ಳು ಚುಚ್ಚಿದ ನೋವಿನಷ್ಟೇ ನಿಜ. ಆದರೆ ಕಲಿತದ್ದು. ಕಲಿತದ್ದನ್ನು ಮಿದುಳಿಗೆ ಮರೆಸಬಹುದೇ?

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಯೋನಿ ಆಶರ್, ಟಾರ್ ವೇಗರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ವರ್ಷಗಟ್ಟಲೆ ಬೆನ್ನು ನೋವಿನಿಂದ ಬಳಲಿದ 151 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕು ವಾರಗಳಲ್ಲಿ ಎಂಟು ಬಾರಿ ಚಿಕಿತ್ಸಕರೊಡನೆ ಮಾತುಕತೆ. ನಿಮ್ಮ ಬೆನ್ನು ಗಟ್ಟಿಯಾಗಿದೆ ಎಂಬುದನ್ನು ಅವರವರದೇ ಅನುಭವದ ಪುರಾವೆಗಳಿಂದ ಮನಗಾಣಿಸುವುದು ಮೊದಲ ಕೆಲಸ. ಒತ್ತಡವಿದ್ದ ದಿನ ಹೆಚ್ಚಿ, ಮದುವೆ ಮನೆಯ ಸಂಭ್ರಮದಲ್ಲಿ ಮಾಯವಾಗುವ ನೋವು ಮೂಳೆಯದಾಗಿರುವ ಸಂಭವ ಕಡಿಮೆ. ಬಳಿಕ ಕಣ್ಣು ಮುಚ್ಚಿ ಕುಳಿತು, ನೋವನ್ನು ಓಡಿಸಲು ಹೋಗದೆ, ಅದು ಎಲ್ಲಿ ಹೇಗೆ ಅಲುಗುತ್ತದೆ ಎಂದು ಹೆದರಿಕೆಯಿಲ್ಲದೆ ಗಮನಿಸುವ ಅಭ್ಯಾಸ. ಅಂಜಿ ಬಿಟ್ಟಿದ್ದ ಚಲನೆಗಳನ್ನು ಹಾಗೆಯೇ ಮರಳಿ ಮಾಡುವುದು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನ 66% ಮಂದಿಗೆ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು. ಔಷಧವಿಲ್ಲದ ತೋರಿಕೆಯ ಚುಚ್ಚುಮದ್ದು ಪಡೆದವರಲ್ಲಿ ಅದು 20%, ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ 10%. ವರ್ಷದ ನಂತರವೂ ಲಾಭ ಬಹುತೇಕ ಉಳಿದಿತ್ತು.

ಆದರೆ ಆ 151 ಮಂದಿಯಲ್ಲಿ ಹೆಚ್ಚಿನವರು ಓದಿದವರು, ನೋವಿನ ತೀವ್ರತೆ ಸಾಧಾರಣ ಮಟ್ಟದ್ದು. ಸಿಂಧನೂರಿನ ಗದ್ದೆಯಲ್ಲಿ ಬಾಗಿ ಭತ್ತ ನಾಟಿ ಮಾಡುವ ಹೆಂಗಸಿಗೆ ಇದೇ ಪ್ರಮಾಣದ ಫಲ ಸಿಗುತ್ತದೆಯೆಂದು ಅದರಿಂದ ಹೇಳಲಾಗದು. ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಇಲ್ಲಿಯ ಹಲವು ಊರುಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅಪಾಯ ಏರುತ್ತಾ ಹೋಗುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದಲ್ಲಿ ಬೆನ್ನೂ ಕೀಲುಗಳೂ ಸೆಡೆತು ನೋಯುತ್ತವೆ. ಅದಕ್ಕೆ ಮೊದಲು ಬೇಕಾದದ್ದು ಶುದ್ಧ ನೀರು. ಬೆನ್ನು ನೋವಿನ ಜೊತೆ ಜ್ವರ, ತೂಕ ಇಳಿಕೆ, ಕಾಲು ಬಲಹೀನವಾಗುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಬೆನ್ನುಮೂಳೆಯ ಕ್ಷಯ, ಗೆಡ್ಡೆ, ನರದ ಒತ್ತಡ ಯಾವುದಾದರೂ ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇವೆಲ್ಲ ಇಲ್ಲವೆಂದು ವೈದ್ಯರು ಪರೀಕ್ಷಿಸಿ ಖಚಿತಪಡಿಸಿದ ನಂತರವೂ ತಿಂಗಳುಗಟ್ಟಲೆ ಕಾಡುವ ನೋವಿಗೆ ಈ ಪಾಠ. ಅದನ್ನು ಕಲಿಸಲು ಯಂತ್ರ ಬೇಕಿಲ್ಲ. ತರಬೇತಿ ಪಡೆದು, ರೋಗಿಯ ಎದುರು ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕು.